ಮಂಗಳವಾರದ ಚಾಪೆ

ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಚಾಪೆ ಬೀಳುತ್ತದೆ. ಹಬ್ಬವಿರಲಿ, ಮನೆಯಲ್ಲಿ ಜ್ವರವಿರಲಿ, ಬೀಳಲೇಬೇಕು. ಅದು ಸಂಘದ ಚಾಪೆ. ಐದು ಹೆಂಗಸರು ಅದರ ಮೇಲೆ ಕೂರುತ್ತಾರೆ. ಕಂತು ವಸೂಲಿಗೆ ಬರುವ ಸಂಗಮೇಶ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೊಬೈಲು ನೋಡಿಕೊಂಡು ಶಾಲೆಯ ಹಾಜರಿ ಹಾಗೆ ಒಬ್ಬೊಬ್ಬರ ಹೆಸರು ಕೂಗುತ್ತಾನೆ. ಕೂಗಿಸಿಕೊಂಡವಳು "ಬಂದೀನಿ" ಎಂದು ಹೇಳಿ ಕಂತು ಮುಂದಿಡಬೇಕು. ಐದೂ ಜನರದು ಬೀಳುವ ತನಕ ಒಬ್ಬರೂ ಚಾಪೆ ಬಿಟ್ಟು ಏಳುವಂತಿಲ್ಲ. ಒಬ್ಬಳದು ತಪ್ಪಿದರೆ ಉಳಿದ ನಾಲ್ವರು ಹಾಕಿ ತುಂಬಬೇಕು. ಸಾಲ ಕೊಡುವ ದಿನವೇ ಎಲ್ಲರೂ ಕೈ ಮುಂದೆ ಚಾಚಿ ಹಾಗೆಂದು ಪ್ರಮಾಣ ಮಾಡಿದ್ದಾರೆ. ನಾನು ಆ ಸಂಘದಲ್ಲಿಲ್ಲ, ಪುಣ್ಯಕ್ಕೆ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುವವಳು.

ನಾನು ಚೈತ್ರಶ್ರೀ, ಶಿಕಾರಿಪುರದ ಶಿವಮೂರ್ತಪ್ಪನವರ ಕಿರಿ ಸೊಸೆ. ನಮ್ಮವರು ರಾಜಕುಮಾರ್, ಸಿಮೆಂಟ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಭಾವ ಮಲ್ಲಿಕಾರ್ಜುನ್‌ಗೆ ಸ್ವಂತ ಗೂಡ್ಸ್ ಗಾಡಿ ಇದೆ. ಭಾವನ ಹೆಂಡತಿ ಶರಣ್ಯಕ್ಕ ಸೊರಬದವಳು. ಹೆಂಡತಿ ಎಂದು ಇನ್ನೂ ಬರೆಯಬಹುದು, ಕೋರ್ಟಿನ ಕಾಗದ ಕೈಗೆ ಬರುವ ತನಕ.

ಅವರಿಬ್ಬರ ವಿಷಯ ಊರಿಗೆಲ್ಲ ಗೊತ್ತು. ಗಾಡಿಯ ಬಾಡಿಗೆ ದುಡ್ಡು ಎಲ್ಲಿ ಹೋಯಿತು ಎಂದು ಅವಳು ಕೇಳಿದ್ದಕ್ಕೆ, ಮೆಕ್ಕೆಜೋಳದ ಚೀಲ ಹೇರುವ ಹಮಾಲಿಗಳ ಎದುರೇ ಭಾವ ಅವಳ ಕೆನ್ನೆಗೆ ಹೊಡೆದರು. ಆದರೆ ಅವಳು ಮನೆ ಬಿಟ್ಟದ್ದು ಹೊಡೆದದ್ದಕ್ಕಲ್ಲ. ಮಧ್ಯಾಹ್ನ ಮನೆಗೆ ಬಂದು, ಏನೂ ಆಗದವರ ಹಾಗೆ ಕೈ ತೊಳೆದು ಕೂತು, "ಬಡ್ಸು" ಅಂದರಲ್ಲ, ಅದಕ್ಕೆ. ಅವಳು ಬಡಿಸಿದಳು. ಅವರು ಉಂಡು ಎದ್ದ ಮೇಲೆ ತಟ್ಟೆ ತೊಳೆದಿಟ್ಟು, ಬ್ಯಾಗು ಹಿಡಿದು ಸೊರಬದ ಬಸ್ಸು ಹತ್ತಿದಳು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಈ ಜಗಳ ಉಂಡ ಮೇಲೇ ಶುರುವಾಯಿತು.

ಅದಾಗಿ ವರ್ಷ ಕಳೆಯಿತು. ಆದರೂ ಅವಳು ಮಂಗಳವಾರ ತಪ್ಪಿಸಲಿಲ್ಲ. ಸಂಘದಲ್ಲಿ ಸಾಲ ಅವಳ ಹೆಸರಿನಲ್ಲಿತ್ತು. ಸೊರಬದಲ್ಲಿ ಅವಳು ಸೇರಿಕೊಂಡ ಬಟ್ಟೆ ಅಂಗಡಿಗೆ ಮಂಗಳವಾರವೇ ರಜೆ. ಬಸ್ಸಿಗೆ ಬಂದು, ಬಿಟ್ಟುಹೋದ ಮನೆಯ ಪಡಸಾಲೆಯಲ್ಲೇ ಚಾಪೆಯ ತುದಿಗೆ ಕೂತು, "ಬಂದೀನಿ" ಎಂದು ಹೇಳಿ, ಭಾವ ಅತ್ತೆಯ ಕೈಲಿ ಕೊಟ್ಟಿಟ್ಟ ದುಡ್ಡನ್ನು ಕಂತಿಗೆ ಕಟ್ಟುತ್ತಿದ್ದಳು. ನಾನು ಕೊಟ್ಟ ನೀರು ಕುಡಿಯುತ್ತಿದ್ದಳು. ಊಟಕ್ಕೆ ಇರು ಅಂದರೆ, "ಬಸ್ಸು ತಪ್ಪತದೆ ಮಾರಾಯ್ತಿ" ಎಂದು ಎದ್ದುಬಿಡುತ್ತಿದ್ದಳು.

ಸಾಲ ಯಾತಕ್ಕೆ ತೆಗೆದದ್ದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಕಾಗದದ ಮೇಲೆ ಅದು ರೊಟ್ಟಿ ವ್ಯಾಪಾರಕ್ಕೆ. ಅತ್ತೆ, ಶರಣ್ಯಕ್ಕ, ನಾನು ಮೂವರೂ ಜೋಳದ ರೊಟ್ಟಿ ಬಡಿದು ಪೇಟೆಯ ಖಾನಾವಳಿಗಳಿಗೆ ಕೊಡುತ್ತಿದ್ದದ್ದು ನಿಜ. ಸಂಘಕ್ಕೆ ಸಾಲ ಕೊಡುವ ಕಂಪನಿಯವರು ಬಂದು ಶರಣ್ಯಕ್ಕನನ್ನು ರೊಟ್ಟಿ ಬುಟ್ಟಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ದುಡ್ಡು ಬಂದ ವಾರವೇ ಅದು ಗಾಡಿಗೆ ಹೋಯಿತು. ಬೇರೆಯವರ ಗಾಡಿ ಓಡಿಸಿ ಭಾವ ಕೂಡಿಟ್ಟದ್ದು ಒಂದು ಪಾಲಾದರೆ, ಸಂಘದ ಸಾಲ ಎರಡು ಪಾಲು. ಗಾಡಿ ಭಾವನ ಹೆಸರಿಗಾಯಿತು. ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿ, ಪೇಂಟರನ್ನು ಕರೆಸಿ ಗಾಡಿಯ ಹಣೆಗೆ "ಅಮ್ಮನ ಆಶೀರ್ವಾದ" ಎಂದು ಕೆಂಪು ಹಳದಿಯಲ್ಲಿ ಬರೆಸಿದರು. ಸಾಲ ಹೆಂಡತಿಯದು, ಆಶೀರ್ವಾದ ಅಮ್ಮನದು! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಇದಕ್ಕೇ ಇರಬೇಕು. ಅತ್ತೆ ಮಾತ್ರ ಆ ಅಕ್ಷರವನ್ನು ನಾಲ್ಕು ಸಲ ನನ್ನ ಕೈಲಿ ಓದಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ವಿಚ್ಛೇದನದ ಅರ್ಜಿ ಕೋರ್ಟಿಗೆ ಹೋದ ಮೇಲೆ ಒಂದು ಮಂಗಳವಾರ, ಶರಣ್ಯಕ್ಕ ಚಪ್ಪಲಿ ಬಿಡುತ್ತಿದ್ದ ಹಾಗೇ ಭಾವ ಅಂಗಳದಲ್ಲಿ ಗಾಡಿ ಕೀ ಬೆರಳಲ್ಲಿ ತಿರುಗಿಸುತ್ತಾ, "ಇನ್ನ ಮ್ಯಾಲೆ ನಿನ್ನ ಸಾಲ ನೀನು ನೋಡ್ಕೊ" ಎಂದು ಹೇಳಿ ಹೊರಟರು. ಆ ದಿನ ಅವಳು ತನ್ನ ಪರ್ಸಿನಿಂದ ಕಟ್ಟಿದಳು. ಮುಂದಿನ ವಾರವೂ ಕಟ್ಟಿದಳು. ಆಮೇಲಿನ ವಾರ ಬರಲಿಲ್ಲ.

ಸಂಗಮೇಶ ಹೆಸರು ಕೂಗುತ್ತಾ ಹೋದ. "ನಿರ್ಮಲಮ್ಮ ಕೋಂ ಶಿವಮೂರ್ತಪ್ಪ." ಅತ್ತೆ "ಬಂದೀನಿ" ಅಂದರು. ಸಂಘಕ್ಕೆ ಅವರೇ ಮುಖ್ಯಸ್ಥೆ. ಪಕ್ಕದ ಮನೆಯ ಅಮೀನಾಬಿ, ಅವರ ಸೊಸೆ ಸಬಿಹಾ, ಎದುರು ಮನೆಯ ಚೌಡಪ್ಪನ ಹೆಂಡತಿ, ಎಲ್ಲರದೂ ಆಯಿತು.

"ಶರಣ್ಯ ಕೋಂ ಮಲ್ಲಿಕಾರ್ಜುನ."

ಚಾಪೆಯ ತುದಿ ಖಾಲಿ ಇತ್ತು. ಅವನು ಇನ್ನೊಮ್ಮೆ ಕೂಗಿದ.

"ಕೂಗಿದ್ರೆ ಸೊರಬಕ್ಕೆ ಕೇಳ್ತತೇನಪ್ಪ?" ಎಂದರು ಅತ್ತೆ. ನನ್ನನ್ನು ಕರೆದು, ರೊಟ್ಟಿ ದುಡ್ಡಿನ ಡಬ್ಬಿ ತರಿಸಿ, ಅದರಿಂದ ಆ ಕಂತು ತುಂಬಿದರು. ಆ ಡಬ್ಬಿಯಲ್ಲಿ ನನ್ನ ಕೈ ಬಡಿದ ರೊಟ್ಟಿಯ ದುಡ್ಡೂ ಇತ್ತು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಮಧ್ಯಾಹ್ನ ಭಾವ ಊಟಕ್ಕೆ ಬಂದರು. ಅವತ್ತು ಎಣ್ಣೆಗಾಯಿ, ಹೆಸರುಕಾಳು ಪಲ್ಯ. ಅತ್ತೆ ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತಾ ಮಾತು ತೆಗೆದರು.

"ಮಲ್ಲಿ, ಅವಳು ಇವತ್ತು ಬರ್ಲಿಲ್ಲ. ಕಂತು ನಾನು ಕಟ್ಟೀನಿ."

"ಯಾಕೆ ಕಟ್ಟಾಕೆ ಹೋದೆ? ಸಾಲ ಯಾರ ಹೆಸರಿನಾಗೈತಿ?"

"ಅವಳ ಹೆಸರಿನಾಗೆ."

"ಮತ್ತೆ? ಅವಳೇ ಕಟ್ಲಿ. ಅವಳ ಬಳೆ, ಸರ ಎಲ್ಲಾ ವಾಪಸ್ ಕೊಟ್ಟೀನಿ. ಒಂದು ಗುಲಗಂಜಿ ಬಂಗಾರ ಇಟ್ಕೊಂಡಿಲ್ಲ. ಇನ್ನೇನು ಕೊಡ್ಬೇಕು, ನನ್ನ ಚರ್ಮ ಸುಲಿದು ಕೊಡ್ಲೇನು?"

"ಗಾಡಿಗೆ ಹಾಕಿದ ದುಡ್ಡಲ್ಲೇನೋ ಅದು?"

"ಹಾಕಿದ್ಲು. ಎರಡು ವರ್ಷ ನಾನು ಅದರ ಕಂತು ಕಟ್ಲಿಲ್ವಾ? ಬಿಟ್ಟು ಹೋದೋಳ ಸಾಲ ಹೊರಾಕೆ ನಾನೇನು ಕತ್ತೆನಾ?"

ಮಾವ ಪಲ್ಯ ಕಲಸುತ್ತಾ, "ಉಣ್ಣೋವಾಗ ಯಾತರ ಪಂಚಾಯ್ತಿ? ಕೋರ್ಟಿನಾಗೆ ಹೆಂಗಾಗ್ತತೋ ಹಂಗೆ" ಅಂದರು. ಮಾವ ಮಂಡಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಕಾಗದದಲ್ಲಿ ಬಂದದ್ದೇ ಸತ್ಯ ಅವರಿಗೆ.

ಕೋರ್ಟಿನಲ್ಲಿ ಹೇಗಾಯಿತೋ ಕೇಳಿ. ರಾಜಿ ಮಾಡಿಸುವ ವಕೀಲರ ಮುಂದೆ ಎರಡೂ ಕಡೆಯವರು ಕೂತೆವು. ನಮ್ಮ ಕಡೆ ಭಾವ, ಮಾವ, ಅತ್ತೆ, ನಾನು. ಅವರ ಕಡೆ ಶರಣ್ಯಕ್ಕ ಮತ್ತು ಅವಳ ಅಣ್ಣ ಮಹೇಶ್ವರಪ್ಪ. ಅವಳು ಬಡವಾಗಿದ್ದಳು. ನನ್ನನ್ನು ನೋಡಿ ನಕ್ಕಳು, ಅತ್ತೆಯನ್ನು ನೋಡಿ ತಲೆ ತಗ್ಗಿಸಿದಳು. ಜೀವನಾಂಶ ಬೇಡ ಎಂದು ಅವಳೇ ಮೊದಲೇ ಹೇಳಿಬಿಟ್ಟಿದ್ದಳು. ವಕೀಲರು ಒಳ್ಳೆಯ ಮನುಷ್ಯ, ಬೆವರೊರೆಸಿಕೊಂಡು ಹೇಳಿದರು.

"ನೋಡ್ರಿ, ಕಿತ್ತಾಟ ಬೇಡ. ಯಾರ ಹೆಸರಲ್ಲಿ ಏನು ಆಸ್ತಿ ಇದೆಯೋ ಅದು ಅವರಿಗೆ. ಯಾರ ಹೆಸರಲ್ಲಿ ಏನು ಸಾಲ ಇದೆಯೋ ಅದೂ ಅವರಿಗೇ. ಇಬ್ಬರಿಗೂ ಒಂದೇ ನಿಯಮ. ಆಗಬಹುದಾ?"

ಮಾವನ ಮುಖ ಅರಳಿತು. "ತಕ್ಕಡಿ ಸಮ ಆತು ನೋಡ್ರಿ" ಅಂದರು.

ಮಹೇಶ್ವರಪ್ಪ ಬಾಯಿ ತೆರೆದರು. ಶರಣ್ಯಕ್ಕ ಅಣ್ಣನ ಮೊಣಕೈ ಹಿಡಿದಳು. "ಆಗ್ತದೆ ಸರ್. ಬರ್ಕೊಳ್ಳಿ."

ಬರೆದುಕೊಂಡರು. ಸಹಿಗೆ ಮುಂದಿನ ತಾರೀಖು ಕೊಟ್ಟರು. ನನಗೆ ಮೈಯೆಲ್ಲ ಉರಿಯಿತು. ಗಾಡಿ ಅವರಿಗೆ, ಗಾಡಿಯ ಸಾಲ ಇವಳಿಗೆ, ಅದಕ್ಕೆ ಸಮ ಅಂತ ಹೆಸರು! ಹೊರಗೆ ಬಂದು ನಮ್ಮವರಿಗೆ ಫೋನ್ ಹಚ್ಚಿ ಅದನ್ನೇ ಹೇಳಿದೆ. "ನೀನು ಸುಮ್ನಿರು, ಅದು ಅವರವರ ವ್ಯವಹಾರ" ಅಂದರು. ಮನೆಯಲ್ಲಿ ನನಗೆ ದಿನಕ್ಕೆ ಹತ್ತು ಸಲ ಸಿಗುವ ಪ್ರಸಾದ ಅದು, ಸುಮ್ನಿರು.

ಮುಂದಿನ ಮಂಗಳವಾರ ಅವಳ ಕಂತು ತುಂಬುವಷ್ಟರಲ್ಲಿ ರೊಟ್ಟಿ ಡಬ್ಬಿ ಖಾಲಿಯಾಯಿತು. ಅವತ್ತೇ ಚಾಪೆ ಎತ್ತಿದ ಮೇಲೆ ಅತ್ತೆ ಹೊಸ ದಾರಿ ಹುಡುಕಿದರು. "ನಡಿ, ಇವತ್ತು ಅವಳ ಅಂಗಡಿಗೆ ರಜೆ, ಸೊರಬಕ್ಕೆ ಹೋಗಿ ಅವಳನ್ನೇ ಕೇಳಾನ. ಅರ್ಧ ಆದ್ರೂ ಕೊಡ್ಲಿ."

"ಅತ್ತೆ, ಯಾವ ಮುಖ ಇಟ್ಕೊಂಡು ಕೇಳಾದ್ರೀ?"

"ಇದೇ ಮುಖ. ಇನ್ನೊಂದು ಎಲ್ಲೈತಿ?"

ಹೋದೆವು. ಕೈಯಲ್ಲಿ ಒಂದು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಬರಿಗೈಲಿ ಹೋಗಬಾರದಲ್ಲ, ಸಾಲ ವಸೂಲಿಗೆ ಹೋದರೂ. ಸೊರಬದ ಬಸ್‌ಸ್ಟ್ಯಾಂಡಿನಿಂದ ನಡೆದರೆ ಮಹೇಶ್ವರಪ್ಪನವರ ಮನೆ ಹತ್ತಿರ. ಶರಣ್ಯಕ್ಕ ಬಾಗಿಲು ತೆಗೆದು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಕಾಲಿಗೆ ನೀರು ಕೊಟ್ಟಳು.

ಅತ್ತೆ ಕಾಫಿ ಮುಟ್ಟುವ ಮೊದಲೇ ವಿಷಯ ಹೇಳಿಬಿಟ್ಟರು. ಒಳಗಿನಿಂದ ಮಹೇಶ್ವರಪ್ಪ ಎದ್ದು ಬಂದರು.

"ಎಂತ ಕೇಳ್ತಿದ್ದೀರಿ ಅಮ್ಮ ನೀವು? ಗಾಡಿ ಎಲ್ಲದೆ? ನಿಮ್ಮ ಅಂಗಳದಾಗೆ. ಕಂತು ಎಲ್ಲಿಂದ ಬರ್ಬೇಕು? ನಮ್ಮ ಮನೆಯಿಂದ. ಅಲ್ಲ, ನಿಮಗೆ ಸ್ವಲ್ಪನಾದ್ರೂ..."

"ಅಣ್ಣ, ಮನೆಗೆ ಬಂದೋರಿಗೆ ಹಂಗೆಲ್ಲ ಮಾತಾಡ್ಬ್ಯಾಡ."

"ನೀನು ಹಿಂಗೆ ಇದ್ದಿದ್ದಕ್ಕೇ ನಿನಗೆ ಹಿಂಗಾಗಿದ್ದು!"

"ಆಗ್ಲಿ ಬಿಡು. ನಂಗೆ ಸಾಕಾಗದೆ." ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಾನು ಎಲ್ಲದಕ್ಕೂ ಹೂಂ ಅಂದಿದ್ದು ಎಂತಕ್ಕೆ ಗೊತ್ತುಂಟಾ? ಇಲ್ಲ ಅಂದ್ರೆ ಇನ್ನೂ ಎರಡು ವರ್ಷ ಕೋರ್ಟಿಗೆ ಅಲೀಬೇಕು. ಪ್ರತಿ ತಾರೀಖಿಗೂ ಅವ್ರ ಮುಖ ನೋಡ್ಬೇಕು. ಸಾಲ ಹೊತ್ರೆ ಅದು ತಪ್ತದೆ. ಆದ್ರೆ ಈಗ ನನ್ನ ಕೈಲಿಲ್ಲ. ಅಂಗಡೀಲಿ ಸಂಬಳ ಬಂದಾಗ ಅಷ್ಟಿಷ್ಟು ಕಳಿಸ್ತೀನಿ. ಸಬಿಹಾಗೆ, ಅಮೀನಾಬಿಗೆ ನನ್ನಿಂದ ಕಷ್ಟ ಆಯ್ತು ಅಂತ ಹೇಳಿ."

ಆಮೇಲೆ ಎದ್ದು ಊಟಕ್ಕೆ ಹಾಕಿದಳು. ಅತ್ತೆಗೆ ಹಲ್ಲಿಲ್ಲದ ಕಡೆ ನೋವಾಗುತ್ತದೆಂದು ನಾವು ತಂದ ಖಡಕ್ ರೊಟ್ಟಿಯನ್ನೇ ಮುರಿದು, ಬಿಸಿ ಸಾರಿನಲ್ಲಿ ನೆನೆಸಿ ಕೊಟ್ಟಳು. ಏಳು ವರ್ಷ ನಮ್ಮ ಮನೆಯಲ್ಲಿ ಹಾಗೇ ಕೊಡುತ್ತಿದ್ದವಳು. ಅತ್ತೆ ಎರಡು ತುತ್ತು ತಿಂದು ತಟ್ಟೆಯಲ್ಲೇ ಕೈಯಿಟ್ಟುಕೊಂಡು ಕೂತರು.

ಅತ್ತೆ ಅವತ್ತೇ ಬದಲಾದರು ಅಂದುಕೊಂಡಿರೇನೋ. ಅಷ್ಟು ಸುಲಭಕ್ಕೆ ಯಾರೂ ಬದಲಾಗುವುದಿಲ್ಲ. ಎರಡು ದಿನ ಕಳೆದು, ಸಂಜೆ ಎಲ್ಲರೂ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ ಭಾವ ನಮ್ಮವರಿಗೆ ಕಣ್ಣು ಮಾಡಿದರು. ನಮ್ಮವರು ಗಂಟಲು ಸರಿಮಾಡಿಕೊಂಡರು.

"ಚೈತ್ರ, ಸಂಗಮೇಶ್ ಹತ್ರ ಮಾತಾಡಿದ್ವಿ. ಶರಣ್ಯ ಅತ್ತಿಗೆ ಜಾಗಕ್ಕೆ ನಿನ್ನನ್ನ ಸಂಘಕ್ಕೆ ಸೇರಿಸ್ಕೊಳ್ಳಾಕೆ ಬರ್ತತಂತೆ. ನಿನ್ನ ಹೆಸರಿಗೆ ಹೊಸ ಸಾಲ ಮಂಜೂರು ಆಗ್ತತಿ. ಹಳೇದು ತೀರಿಸಿ, ಉಳಿದಿದ್ರಾಗೆ ಗಾಡಿಗೆ ಹೊಸ ಟೈರು. ಬರೇ ಒಂದು ಸಹಿ."

ನನ್ನ ಬಾಯಲ್ಲಿದ್ದ ಮಂಡಕ್ಕಿ ಬಾಯಲ್ಲೇ ಉಳಿಯಿತು. ಅಕ್ಕನ ಕುತ್ತಿಗೆಯಿಂದ ತೆಗೆದ ಹಗ್ಗವನ್ನು ತೊಳೆದು ತಂಗಿಗೆ ಹಾಕುವ ಲೆಕ್ಕ ಇದು!

"ಹಾಕ್ತೀನ್ರಿ" ಎಂದೆ. "ನಾಳೇನೇ ಹಾಕ್ತೀನಿ. ಗಾಡಿ ನನ್ನ ಹೆಸರಿಗೆ ಮಾಡ್ಸಿ ಕೊಡ್ರಿ."

ಭಾವ ನಕ್ಕರು. "ನೀನು ಓಡಿಸ್ತೀಯೇನವ್ವ?"

"ನೀವು ಸಾಲ ತೀರಿಸ್ದಂಗೆ ನಾನು ಓಡಿಸ್ತೀನಿ ಬಿಡ್ರಿ ಭಾವ."

"ಏಯ್, ದೊಡ್ಡೋರಿಗೆ ಹಂಗ್ ಮಾತಾಡ್ತೀಯಾ?" ನಮ್ಮವರು ಕೂಗಿದರು.

"ದೊಡ್ಡೋರು ದೊಡ್ಡೋರಂಗೆ ಇದ್ರೆ ಯಾಕೆ ಮಾತಾಡ್ಲಿ? ನಾಳೆ ನನ್ನನ್ನೂ ನೀವು ಹೊಡೆದು ಕಳಿಸಿದ್ರೆ, ಯಾರ ಹೆಸರಲ್ಲಿದ್ದ ಸಾಲ ಅವರಿಗೆ ಅಂತ ನೀವೇ ಬರೆಸ್ತೀರಿ. ಕೋರ್ಟಿನಾಗೆ ನಾನೂ ಕೂತಿದ್ದೆ, ಕಿವಿ ಮನೇಲಿ ಬಿಟ್ಟು ಹೋಗಿರ್ಲಿಲ್ಲ."

ಆಗ ಅತ್ತೆ ನನ್ನ ಕಡೆ ನಿಲ್ಲುತ್ತಾರೆ ಅಂದುಕೊಂಡೆ. ಅತ್ತೆ ಮಂಡಕ್ಕಿ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ, "ಬಾಯಿ ಬಾಳ ಆತು ನಿಂದು. ಗಂಡ್ಸರ ಕಷ್ಟಕ್ಕೆ ಹೆಣ್ಮಕ್ಳು ಹೆಗಲು ಕೊಡ್ದಿದ್ರೆ ಮನೆ ಹೆಂಗೆ ನಡೀತತಿ? ನಾನು ಕೊಟ್ಟಿಲ್ವಾ?" ಎಂದು ಗದರಿದರು. ನಾನು ಎದ್ದು ಒಳಗೆ ಹೋಗಿ ಪಾತ್ರೆ ಸದ್ದು ಮಾಡಿಕೊಂಡು ತೊಳೆದೆ. ಅಳು ಬಂತು. ನಾಲ್ಕು ದಿನ ನಮ್ಮವರ ಜೊತೆ ಮಾತಾಡಲಿಲ್ಲ. ಅವರ ಅಂಗಿಗೆ ಇಸ್ತ್ರಿ ಹಾಕಲಿಲ್ಲ. ಸಹಿಯನ್ನಂತೂ ಹಾಕಲೇ ಇಲ್ಲ.

ಮತ್ತೆ ಮಂಗಳವಾರ ಬಂತು. ಚಾಪೆ ಬಿತ್ತು. ಡಬ್ಬಿಯಲ್ಲಿ ಏನೂ ಇರಲಿಲ್ಲ. ಅತ್ತೆ ತಮ್ಮ ಕಂತನ್ನೇ ಕಷ್ಟಪಟ್ಟು ಹೊಂದಿಸಿದ್ದರು. ಸಂಗಮೇಶ "ಶರಣ್ಯ ಕೋಂ ಮಲ್ಲಿಕಾರ್ಜುನ" ಎಂದ. ಪಾಪ, ಅವನದೂ ತಪ್ಪಿಲ್ಲ. ಮೇಲಿನವರು ಅವನ ಸಂಬಳ ಹಿಡಿಯುತ್ತಾರೆ. ತಲೆ ಕೆರೆದುಕೊಂಡು ಕೂತ.

ಅಮೀನಾಬಿ ಸೊಸೆಗೆ ಸನ್ನೆ ಮಾಡಿದರು. ಸಬಿಹಾ ಎದೆಯ ಹತ್ತಿರ ಮಡಚಿಟ್ಟಿದ್ದ ನೋಟು ತೆಗೆದು ಚಾಪೆ ಮೇಲಿಟ್ಟಳು. ಆ ಹುಡುಗಿ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಗಂಟೆಗಟ್ಟಲೆ ಕುತ್ತಿಗೆ ಬಗ್ಗಿಸಿ ಕೂತು, ಕಣ್ಣಲ್ಲಿ ನೀರು ಬರುವ ತನಕ ದಾರ ಗಂಟು ಹಾಕುತ್ತಾಳೆ. ಅದರ ದುಡ್ಡು. ಚೌಡಪ್ಪನ ಹೆಂಡತಿಯೂ ಗೊಣಗಿಕೊಂಡು ಒಂದಿಷ್ಟು ಹಾಕಿದಳು. ಆದರೂ ಕಂತು ತುಂಬಲಿಲ್ಲ.

ಅಮೀನಾಬಿ ಅತ್ತೆಯ ಕಡೆ ತಿರುಗಿ ಕೂತರು. ಇವರಿಬ್ಬರೂ ಮದುವೆಯಾಗಿ ಬಂದಾಗಿನಿಂದ ಒಂದೇ ಗೋಡೆಯ ಆಚೆ ಈಚೆ. ಅವರ ಯಜಮಾನರು ಅಜಮತ್ ಉಲ್ಲಾ ಸಾಹೇಬರು ಹೊಲಿದ ಹಾಸಿಗೆಯ ಮೇಲೇ ನಾವೆಲ್ಲ ಮಲಗುವುದು.

"ನಿರ್ಮಲಕ್ಕ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ. ನಿನ್ನ ಮಗ ಗಾಡಿ ಓಡಿಸ್ತಾನೆ. ನನ್ನ ಸೊಸೆ ಕುಚ್ಚು ಕಟ್ಟಿ ಅದರ ಕಂತು ಕಟ್ತಾಳೆ. ಇದು ಯಾವ ಊರಿನ ನ್ಯಾಯ ಅಕ್ಕಾ? ನಮ್ಮನ್ನೆಲ್ಲ ಈ ಚಾಪೆ ಮ್ಯಾಲೆ ಕೂರಿಸಿದ್ದು ನೀನು. ನಿನ್ನ ಮುಖ ನೋಡಿ ಕೂತ್ವಿ."

ಅತ್ತೆಯ ಮುಖ ಕಪ್ಪಿಟ್ಟಿತು. ಸಬಿಹಾ ಇಟ್ಟ ನೋಟನ್ನು ತೆಗೆದು ಅವಳ ಕೈಗೇ ಮಡಚಿ ಕೊಟ್ಟರು. ಚೌಡಪ್ಪನ ಹೆಂಡತಿಯದನ್ನೂ ವಾಪಸ್ ಕೊಟ್ಟರು.

ಸಂಗಮೇಶ ಗಾಬರಿಯಾದ. "ಅಮ್ಮಾರೆ, ಕಂತು?"

"ಬರ್ತತಿ. ಅಲ್ಲಿ ತನಕ ನಾನು ಏಳಂಗಿಲ್ಲ."

"ಇರ್ಲಿ ಬಿಡ್ರಿ, ನಾಳೆ ಬೆಳಿಗ್ಗೆ ಬರ್ತೀನಿ. ನೀವು ಏಳ್ರಿ."

"ನಿನ್ನ ರೂಲ್ಸು ನೀನು ಬಿಟ್ರೆ ಬಿಡು. ನಾನು ಕೈ ಚಾಚಿ ಆಣೆ ಮಾಡೀನಿ. ನೀನು ಹೋಗಿ ಬಾ ಮಗ."

ಅವನು ಹೋದ. ಅತ್ತೆ ಚಾಪೆಯ ನಡುವೆ ಕಾಲು ಮಡಚಿ ಕೂತರು. ಅಮೀನಾಬಿಯೂ ಏಳಲಿಲ್ಲ. ನೀವು ಹೋಗ್ರಿ ಅಂದರೆ, "ನೀನು ಏಳೋ ತನಕ ನಾವು ಹೆಂಗೆ ಏಳೋದು?" ಎಂದರು. ಸಬಿಹಾ ಮನೆಗೆ ಓಡಿ ಕುಚ್ಚಿನ ಸೀರೆ ತಂದು ಅಲ್ಲೇ ಕೂತು ಗಂಟು ಹಾಕತೊಡಗಿದಳು. ನಾನು ಒಲೆ ಹಚ್ಚಲು ಹೋದೆ.

"ಚೈತ್ರ, ಒಲೆ ಹಚ್ಬ್ಯಾಡ" ಅಂದರು ಅತ್ತೆ.

"ಖಾನಾವಳಿಗೆ ರೊಟ್ಟಿ?"

"ಇವತ್ತು ಅನ್ನ ಉಣ್ಲಿ ಅವ್ರು."

ಮಾವ ಬಂದು ಇಣುಕಿ ನೋಡಿ, "ಇದೇನು ನಾಟಕ ಹಚ್ಚೀಯೆ? ಓಣಿಯೆಲ್ಲ ನೋಡ್ತತಿ" ಅಂದರು. ಅಡುಗೆಮನೆಗೆ ಹೋಗಿ ತಣ್ಣನೆಯ ಒಲೆ ನೋಡಿ, ಮಾವ ಒಂದು ಬಾಳೆಹಣ್ಣು ತಿಂದು ಹೊರಗೆ ಹೋದರು.

ಮಧ್ಯಾಹ್ನ ಗಾಡಿಯ ಸದ್ದಾಯಿತು. ಭಾವ ಕೈ ತೊಳೆದು ಒಳಗೆ ಬಂದು, ಚಾಪೆ ನೋಡಿ ನಿಂತರು.

"ಏನಮ್ಮ ಇದು? ಊಟ?"

"ಇಲ್ಲ. ಕಂತು ತುಂಬಿಲ್ಲ, ಏಳಂಗಿಲ್ಲ."

"ಎಷ್ಟು ಸಲ ಹೇಳ್ಲಿ? ಅದು ಅವಳ ಸಾಲ!"

"ಅಲ್ಲಿ ನೋಡು, ತುದೀಲಿ ಜಾಗ ಖಾಲಿ ಐತಿ. ಗಾಡಿ ಯಾರ್ದೋ ಅವ್ರು ಬಂದು ಕೂತ್ಕೊಳ್ಳಿ."

"ನಾನು? ಹೆಂಗಸ್ರ ಸಂಘದಾಗೆ?" ಭಾವ ಬಾಗಿಲ ಕಡೆ ನೋಡಿದರು. ಓಣಿಯ ನಾಲ್ಕು ಜನ ಆಗಲೇ ನಿಂತಿದ್ದರು. "ತಲೆಗಿಲೆ ಕೆಟ್ಟೈತಾ ನಿಂಗೆ?"

"ಹೆಂಗಸ್ರ ಸಂಘದ ದುಡ್ಡು ತಗೊಳ್ಳೋವಾಗ ನಾಚಿಕೆ ಆಗ್ಲಿಲ್ಲ. ಕೂರಾಕೆ ನಾಚಿಕೆನಾ?"

"ಗಾಡಿ ನಂದು ಅಮ್ಮ. ಹಗಲು ರಾತ್ರಿ ದುಡಿದೀನಿ ಅದರಾಗೆ. ಬೆನ್ನು ಮುರ್ಕೊಂಡೀನಿ."

"ದುಡಿದೀಯ. ಇಲ್ಲ ಅಂದ್ನಾ? ಅದಕ್ಕೇ ಗಾಡಿ ನೀನೇ ಇಟ್ಕೊ. ಅದರ ಸಾಲಾನೂ ನೀನೇ ಇಟ್ಕೊ. ಆಗ ಸಮ ಆಗ್ತತಿ. ನಾನು ಓದಿಲ್ಲ ಕಣಪ್ಪ, ಆದ್ರೆ ರೊಟ್ಟಿ ತಿಂದೋನು ಒಬ್ಬ, ಹಂಚು ತಿಕ್ಕೋಳು ಇನ್ನೊಬ್ಬಳು ಅಂದ್ರೆ ಗೊತ್ತಾಗ್ತತಿ. ಮೊನ್ನೆ ಸೊರಬದಾಗೆ ಅವಳು ರೊಟ್ಟಿ ನೆನೆಸಿ ಕೊಟ್ಲು. ನನ್ನ ಗಂಟಲಾಗೆ ಇಳೀಲಿಲ್ಲ."

"ನೀನು ಯಾರ ಅಮ್ಮ? ನನ್ನ ಅಮ್ಮನೋ ಅವಳ ಅಮ್ಮನೋ?"

ಅತ್ತೆ ನನ್ನನ್ನು ಕರೆದರು. "ಚೈತ್ರ, ಆ ರೊಟ್ಟಿ ಮಗುಚೋ ಕೈ ತಗಂಬಾ."

ತಂದುಕೊಟ್ಟೆ. ಕಬ್ಬಿಣದ್ದು, ಅಂಚು ಸವೆದು ಹರಿತವಾದದ್ದು. ಅತ್ತೆ ಅದನ್ನು ಮ‌ಗನ ಕೈಗೆ ಕೊಟ್ಟರು.

"ನಿನ್ನ ಅಮ್ಮನೇ. ಅದಕ್ಕೇ ಗಾಡಿ ಹಣೆ ಮ್ಯಾಲೆ ಬರೆಸೀಯಲ್ಲ, ಅಮ್ಮನ ಆಶೀರ್ವಾದ ಅಂತ. ಅದನ್ನ ನಾನು ವಾಪಸ್ ತಗೊಂಡೀನಿ. ಸಾಲ ಹೊರಾದಿದ್ರೆ ಇಲ್ಲಿ ಕೂತ್ಕೊ. ಇಲ್ಲ ಅಂದ್ರೆ ಹೋಗಿ ಆ ಅಕ್ಷರ ಕೆರೆದು ಬಾ. ಆಮೇಲೆ ಎದ್ದು ನಿಂಗೆ ಅಡಿಗೆ ಮಾಡಿ ಹಾಕ್ತೀನಿ."

ಭಾವ ಆ ಮಗುಚೋ ಕೈಯನ್ನು ಹಿಡಿದು ಅಂಗಳಕ್ಕೆ ಹೋದರು. ಕೆರೆದೇ ಬಿಡುತ್ತಾರೆ, ಕೋಪ ಮೂಗಿನ ತುದಿಗೇ ಇರುವ ಮನುಷ್ಯ ಅಂದುಕೊಂಡೆ. ಗಾಡಿಯ ಮುಂದೆ ನಿಂತರು. ಕೈ ಎತ್ತಿದರು, ಇಳಿಸಿದರು. ಡ್ರೈವರ್ ಕೆಲಸದವರನ್ನು ಕೇಳಿ ನೋಡಿ. ಬ್ರೇಕಿಗಿಂತ ಹೆಚ್ಚು ಅವರು ನಂಬುವುದು ಹಣೆ ಮೇಲಿನ ಬರಹವನ್ನು. ಅಮ್ಮ ವಾಪಸ್ ತಗೊಂಡ ಆಶೀರ್ವಾದವನ್ನು ಕೈಯಾರೆ ಕೆರೆದು, ಅದೇ ಗಾಡಿಯಲ್ಲಿ ಲೋಡು ಹೇರಿಕೊಂಡು ಘಾಟಿ ಇಳಿಯುವ ಧೈರ್ಯ ಯಾವ ಮಗನಿಗಿದೆ? ಭಾವ ಮಗುಚೋ ಕೈಯನ್ನು ಬಾನೆಟ್ಟಿನ ಮೇಲೆ ಬಿಸಾಡಿ, ಗಾಡಿಯನ್ನೂ ಹತ್ತದೆ, ನಡೆದುಕೊಂಡೇ ಹೋದರು.

ಅತ್ತೆ ಸಂಜೆ ದೀಪ ಹಚ್ಚುವ ಹೊತ್ತಿನವರೆಗೂ ಕೂತೇ ಇದ್ದರು. ಒಂದು ತೊಟ್ಟು ನೀರು ಕುಡಿಯಲಿಲ್ಲ. ಅಮೀನಾಬಿ ಅಲ್ಲೇ ಮೂಲೆಯಲ್ಲಿ ನಮಾಜು ಮುಗಿಸಿ ಮತ್ತೆ ಬಂದು ಕೂತರು. ನಾನು ಹೋಗಿ ಖಾಲಿ ಜಾಗದಲ್ಲಿ ಕೂರಲು ನೋಡಿದೆ. ಅತ್ತೆ ತೋಳು ಹಿಡಿದು ಎಬ್ಬಿಸಿದರು. "ನೀನು ಇದರ ಮ್ಯಾಲೆ ಕೂರಬ್ಯಾಡ. ಯಾವತ್ತೂ ಕೂರಬ್ಯಾಡ" ಅಂದರು. ಮೊದಲ ಸಲ ನನಗೆ ಅವರ ಮೇಲೆ ಪ್ರೀತಿ ಬಂತು, ಸುಳ್ಳು ಯಾಕೆ ಹೇಳಲಿ.

ಭಾವ ಬಂದಾಗ ಯಾರ ಮುಖವನ್ನೂ ನೋಡಲಿಲ್ಲ. ನಿಂತಲ್ಲಿಂದಲೇ ದುಡ್ಡನ್ನು ಚಾಪೆ ಮೇಲೆ ಹಾಕಿದರು. "ಮುಂದಿನ ತಾರೀಖಿಗೆ ವಕೀಲರ ಹತ್ರ ಬರೆಸ್ತೀನಿ. ಗಾಡೀನೂ ನಂದೇ, ಸಾಲಾನೂ ನಂದೇ. ಸಾಕಾ? ಏಳು ಈಗ."

ಅತ್ತೆ ಏಳಲು ಹೋದರು, ಕಾಲು ಹಿಡಿದುಕೊಂಡಿತ್ತು. ಭಾವ ಕೈ ಕೊಡಲಿಲ್ಲ. ನಾನು, ಸಬಿಹಾ ಹಿಡಿದು ಎಬ್ಬಿಸಿದೆವು.

ಮಾತಿನಂತೆ ಕೋರ್ಟಿನಲ್ಲಿ ಹಾಗೇ ಬರೆಸಿದರು. ಶರಣ್ಯಕ್ಕ ಆ ಸಾಲು ಓದಿ, ಇನ್ನೊಮ್ಮೆ ಓದಿ, ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ವಕೀಲರು ಒಂದು ಮಾತು ಹೇಳಿದರು. ಈ ಕರಾರು ನಿಮ್ಮಿಬ್ಬರ ನಡುವೆ. ಸಾಲ ಕೊಟ್ಟ ಕಂಪನಿ ಗಂಡಸರ ಹೆಸರಿಗೆ ಸಾಲ ಬದಲಾಯಿಸುವುದಿಲ್ಲ, ಕೊನೆಯ ಕಂತು ತೀರುವ ತನಕ ಅವರ ಮೊಬೈಲಿನಲ್ಲಿ ಈಕೆಯ ಹೆಸರೇ ಇರುತ್ತದೆ. "ಹಂಗಾದ್ರೆ ಇವನು ಕಟ್ತಾನೆ ಅನ್ನೋದಕ್ಕೆ ಜವಾಬ್ದಾರಿ ಯಾರು?" ಎಂದು ಮಹೇಶ್ವರಪ್ಪ ಕೇಳಿದರು. "ನನ್ನ ಚಾಪೆ" ಎಂದರು ಅತ್ತೆ. "ದುಡ್ಡು ಕಳ್ಸಿದ್ರೆ ಆಗಲ್ಲ. ಅವನೇ ಬಂದು ಕೂತು ಕಟ್ಬೇಕು."

ಮನೆಯಲ್ಲಿ ಈಗ ನಗು ಇಲ್ಲ. ಭಾವ ಅತ್ತೆಯ ಜೊತೆ ಮಾತು ಬಿಟ್ಟಿದ್ದಾರೆ. ಮಧ್ಯಾಹ್ನ ಖಾನಾವಳಿಯಲ್ಲಿ ಉಣ್ಣುತ್ತಾರೆ. ಅಲ್ಲಿಗೂ ರೊಟ್ಟಿ ಹೋಗುವುದು ನಮ್ಮ ಮನೆಯಿಂದಲೇ, ಅವರಿಗೆ ಗೊತ್ತಿಲ್ಲದೆ ಏನಿಲ್ಲ. ಅತ್ತೆ ಖಾನಾವಳಿಯ ಬುಟ್ಟಿಗೆ ಮಾತ್ರ ಒಂದೊಂದು ರೊಟ್ಟಿಯನ್ನೂ ತಿರುಗಿಸಿ ನೋಡಿ, ಸೀದದ್ದನ್ನು ಆರಿಸಿ ತೆಗೆದು ಕಳಿಸುತ್ತಾರೆ. ಮಾವ ಇಬ್ಬರ ನಡುವೆ ಮಾತು ಸಾಗಿಸುತ್ತಾರೆ. ನಮ್ಮವರು ಸಹಿಯ ಸುದ್ದಿ ತೆಗೆದಿಲ್ಲ.

ಮೊನ್ನೆಯ ಮಂಗಳವಾರ ಚಾಪೆ ಹಾಸಿದೆ. ನಾಲ್ವರು ಬಂದು ಕೂತರು. ಭಾವ ಅಂಗಳದಲ್ಲಿ ಗಾಡಿ ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಸಂಗಮೇಶನ ಬೈಕು ಬಂತು. ಕೊನೆಗೆ ಭಾವ ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆಯ ತುದಿಯಲ್ಲಿ ಶರಣ್ಯಕ್ಕ ಕೂರುತ್ತಿದ್ದ ಜಾಗದಲ್ಲಿ, ಅರ್ಧ ಚಾಪೆಗೆ ಅರ್ಧ ನೆಲಕ್ಕೆ ಕೂತರು. ಸಬಿಹಾ ತಲೆ ಮೇಲಿನ ಸೆರಗು ಎಳೆದುಕೊಂಡು ಸ್ವಲ್ಪ ಜಾಗ ಬಿಟ್ಟಳು.

ಸಂಗಮೇಶ ಹಾಜರಿ ಶುರು ಮಾಡಿದ. ನಾಲ್ಕು ಹೆಸರಾಯಿತು, ನಾಲ್ಕು "ಬಂದೀನಿ" ಆಯಿತು. ಐದನೆಯದಕ್ಕೆ ಬಂದು ಅವನು ತಡೆದ. ಭಾವನ ಮುಖ ನೋಡಿದ, ಮೊಬೈಲು ನೋಡಿದ. ಮೊಬೈಲಿನಲ್ಲಿ ಏನಿತ್ತೋ ಅದನ್ನೇ ಓದಿದ.

"ಶರಣ್ಯ ಕೋಂ ಮಲ್ಲಿಕಾರ್ಜುನ."

ಭಾವ ನೆಲ ನೋಡುತ್ತಾ ಕೂತಿದ್ದರು. ಅವರ ಕಿವಿ ಕೆಂಪಗಾಗಿತ್ತು. ಸಂಗಮೇಶ ಇನ್ನೊಮ್ಮೆ ಕೂಗಲಿಲ್ಲ, ಕಾದ. ಅತ್ತೆ ಕಂತಿನ ನೋಟುಗಳನ್ನು ಜೋಡಿಸುತ್ತಾ, ತಲೆಯೆತ್ತದೆ ಹೇಳಿದರು.

"ನಿನ್ನನ್ನೇ ಕರೀತಿರೋದು."

ಯಾರಿಗೂ ಕೇಳಿಸಬಾರದೆಂಬ ಹಾಗೆ ಭಾವ ಅಂದರು, "ಬಂದೀನಿ."

ನಾನು ಒಳಗೆ ಹೋಗಿ ಹಂಚು ಒಲೆಗಿಟ್ಟೆ.